ಗಂಟೆಗುಡ್ಡದ ಹಾಳೂರು

ಐಬೆನ್‌ರೋಡ್
೨೫ ಮಾರ್ಚ್ ೧೯೯೦

ಪ್ರೀತಿಯ ಅಪ್ಪನಿಗೆ,

ನೀನು ದ್ವೀಪ ಸೇರಿದ ಸುದ್ದಿಯನ್ನು ಝೀಟಾ ಅತ್ತೆ ಕಾರ್ಡು ಬರೆದು ತಿಳಿಸಿದ್ದಾಳೆ. ಮೂರು ಹೊತ್ತೂ ಮೀನು ತಿನ್ನುತ್ತೀಯಂತೆ, ದಡದ ಮೇಲೆ ಅಡ್ಡಾಡುತ್ತೀಯಂತೆ, ಮಾತು ಮಾತ್ರ ಇಲ್ಲವಂತೆ. ಒಂದೂ ಮರವಿಲ್ಲದ ಜಾಗವನ್ನೇ ಹುಡುಕಿಕೊಂಡು ಹೋಗಿದ್ದೀಯ. ಅಲ್ಲಿಯಾದರೂ ನಿನಗೆ ನಿದ್ದೆ ಬರಲಿ.

ಬಿರುಗಾಳಿಯ ಮಾರನೆಯ ದಿನ ನೀನು ಗಂಟೆಗುಡ್ಡದ ಬುಡದ ತನಕ ಬಂದು, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಮೇಲೆ ಹತ್ತದೆಯೇ ಹಿಂದಿರುಗಿದೆ. “ಸತ್ತವರ ಮುಖ ನೋಡೋಕೆ ನನ್ನಿಂದ ಆಗಲ್ಲ ರೋಸಿ” ಎಂದೆ. ಈಗ ಈ ಊರಿನ ಕಾಡಿಗೆ ನಾನು ಫಾರೆಸ್ಟರ್ ಆಗಿರಬಹುದು; ಆದರೆ ಗಂಟೆಗುಡ್ಡದ ಸ್ಪ್ರೂಸ್ ಮರಗಳು ನೀನೂ ಅಮ್ಮನೂ ಊರಿನ ಹೆಂಗಸರೂ ಸೇರಿ ನೆಟ್ಟವು. ಸತ್ತವರ ಮನೆಯವನು ನೀನು. ನಾನು ಹೆಣ ಹೊರಲು ಬಂದವಳು, ಅಷ್ಟೇ.

ಆದರೂ ನೀನು ನೋಡದೆ ಹೋದದ್ದನ್ನು ಹೇಳಲೇಬೇಕು. ಮರಗಳೆಲ್ಲ ಒಂದೇ ದಿಕ್ಕಿಗೆ, ಬಾಚಣಿಗೆಯಲ್ಲಿ ಬಾಚಿದ ಕೂದಲಿನ ಹಾಗೆ ಮಲಗಿವೆ. ಬೇರುಗಳು ಮಣ್ಣಿನ ಸಮೇತ ಎದ್ದು ನಿಂತಿವೆ, ಆಳೆತ್ತರಕ್ಕಿಂತ ಎತ್ತರ. ಅವುಗಳ ನಡುವೆ ನಡೆಯುವಾಗ ಕಾಡಿನಲ್ಲಿದ್ದೇನೆ ಅನಿಸುವುದಿಲ್ಲ, ಯಾವುದೋ ಪಟ್ಟಣದ ಸಂದಿಗಳಲ್ಲಿ ದಾರಿ ತಪ್ಪಿದ ಹಾಗಿರುತ್ತದೆ. ನಿನ್ನೆ ನಾನು ಸಾಗಾಟಕ್ಕೆ ದಾರಿ ಗುರುತಿಸುತ್ತ ಗುಡ್ಡದ ಅರ್ಧಕ್ಕೆ ಹೋಗಿದ್ದೆ. ಅಲ್ಲೊಂದು ಬುಡಮೇಲಾದ ಬೇರಿನ ಕೆಳಗಿನ ಗುಂಡಿಯಲ್ಲಿ ಗೋಡೆಯ ಮೂಲೆ ಕಾಣಿಸಿತು. ಉಳಿ ಹೊಡೆದ ಕಲ್ಲು, ಸುಣ್ಣದ ಗಾರೆ. ಪಕ್ಕದ ಮರದ ಕೆಳಗೆ ಅದೇ ಗೋಡೆ ಮುಂದುವರಿದಿತ್ತು. ಅದರಾಚೆಯ ಮರದ ಬೇರು ಒಂದು ಬಾವಿಯ ಬಾಯನ್ನು ಮುಚ್ಚಳದ ಹಾಗೆ ಕಿತ್ತು ತೆಗೆದಿತ್ತು. ಒಳಗೆ ಒಂದು ಕಲ್ಲು ಎಸೆದೆ. ಸ್ವಲ್ಪ ಹೊತ್ತಾದ ಮೇಲೆ ನೀರಿನ ಸದ್ದು ಕೇಳಿಸಿತು.

ಅಪ್ಪ, ನಾನು ಹುಟ್ಟಿದಾಗಿನಿಂದ ನಡೆದಾಡಿದ ನೆಲ ಅದು.

ಇಳಿದು ಬರುವಾಗ ಕುನಿಗುಂಡೆ ಅಜ್ಜಿ ತನ್ನ ಬೇಲಿಯ ಬಳಿ ನಿಂತಿದ್ದಳು. ಹೇಳಿದೆ. ಅವಳೇನೂ ಬೆಚ್ಚಿಬೀಳಲಿಲ್ಲ. “ಗುಡ್ಡ ಕೊನೆಗೂ ಬಾಯಿ ಬಿಡ್ತು ಅನ್ನು” ಎಂದಳು, ಅಷ್ಟೇ.

ನಿನ್ನ ಕೋಳಿಗಳು ಚೆನ್ನಾಗಿವೆ.

ಇತಿ ನಿನ್ನ
ರೋಸ್ವಿತಾ


ದ್ವೀಪದಿಂದ
೧೮ ಏಪ್ರಿಲ್ ೧೯೯೦

ರೋಸಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಓದಿ ಮಡಿಸಿಟ್ಟಿದ್ದೆ.

ಕಲ್ಲು ಗೋಡೆಯ ವಿಷಯ ನನಗೆ ಬರೆಯಬೇಡ. ಬೇಸಗೆ ಬಂದು ತೊಗಟೆಯ ಹುಳ ಹತ್ತುವ ಮೊದಲು ಮರ ಇಳಿಸು. ಬಿದ್ದ ಮರದಲ್ಲಿ ಸಾಕಷ್ಟು ತಿಂದ ಹುಳ ನಿಂತ ಮರಕ್ಕೂ ಬರುತ್ತದೆ. ಇದು ನಿನಗೆ ಗೊತ್ತಿರುವುದೇ.

ನಿನಗೆ ಗೊತ್ತಿರುವ ಇನ್ನೊಂದು ಮಾತೂ ಇದೆ. ಅದನ್ನು ನೀನು ಬರೆಯಲಿಲ್ಲ. ಫಾರೆಸ್ಟ್ ಶಾಲೆಯಿಂದ ಬಂದ ವರ್ಷ ಊಟಕ್ಕೆ ಕೂತಾಗ ಹೇಳಿದ್ದೆಯಲ್ಲ, ಸ್ಪ್ರೂಸ್ ಒಂದನ್ನೇ ನೆಟ್ಟ ಕಾಡು ದೊಡ್ಡ ಗಾಳಿಗೆ ನಿಲ್ಲುವುದಿಲ್ಲ ಎಂದು. ಆಮೇಲೆ ನಾವಿಬ್ಬರೂ ಮುಂದಿನ ಕ್ರಿಸ್ಮಸ್‌ವರೆಗೆ ಮಾತಾಡಲಿಲ್ಲ. ನಿನ್ನ ಪತ್ರ ಒಡೆಯುವಾಗ ಆ ವಾಕ್ಯ ಹುಡುಕಿದೆ. ಬರೆದು ಮುಗಿಸಿಬಿಡು. ನನಗೂ ಹಗುರಾಗುತ್ತದೆ.

ಇಲ್ಲಿ ದಿನಕ್ಕೆರಡು ಸಲ ಸಮುದ್ರ ಎದ್ದು ಹೊರಟುಹೋಗುತ್ತದೆ. ಕಣ್ಣು ಮುಟ್ಟುವಷ್ಟು ದೂರ ಕೆಸರು ಉಳಿಯುತ್ತದೆ. ಝೀಟಾಳ ಗಂಡ ಮೊನ್ನೆ ನನಗೆ ಬೂಟು ಕೊಟ್ಟು ಅಲ್ಲಿಗೆ ಕರೆದುಕೊಂಡು ಹೋದ. ಕೆಸರಿನಲ್ಲಿ ಉದ್ದಕ್ಕೂ ಏರಿಳಿತದ ಗೆರೆಗಳು. ಅಲೆ ಮಾಡಿದ್ದು ಎಂದುಕೊಂಡೆ. ಅಲ್ಲವಂತೆ, ನೇಗಿಲು ಮಾಡಿದ್ದಂತೆ. ಯಾವುದೋ ಕಾಲದ ಹೊಲ. ಊರಿಗೆ ಊರೇ ನೀರಿಗೆ ಹೋಯಿತಂತೆ. ಅವನು ಅದನ್ನು ಹವಾಮಾನದ ಸುದ್ದಿ ಹೇಳುವವನ ಹಾಗೆ ಹೇಳಿದ. ಉತ್ತವನ ಕೈ ಎಲ್ಲಿ ನಡುಗಿತೋ ಅಲ್ಲಿ ಗೆರೆ ಸ್ವಲ್ಪ ಸೊಟ್ಟಗಾಗಿತ್ತು. ನಾನು ಅಲ್ಲಿಯೇ ನಿಂತುಬಿಟ್ಟೆ. ನೀರು ಬರುತ್ತಿದೆ ನಡೆಯೋ ಮಾರಾಯ ಎಂದು ಅವನು ತೋಳು ಹಿಡಿದು ಎಳೆದ.

ಕೋಳಿಗಳಿಗೆ ಜೋಳ ಕಡಿಮೆ ಹಾಕು. ಕೊಬ್ಬುತ್ತವೆ.

ಅಪ್ಪ


ಐಬೆನ್‌ರೋಡ್
೨೦ ಮೇ ೧೯೯೦

ಪ್ರೀತಿಯ ಅಪ್ಪನಿಗೆ,

ನೀನು ಹುಡುಕಿದ ವಾಕ್ಯ ನನ್ನ ಬಳಿ ಇಲ್ಲ. ಗಾಳಿ ಬಂದ ರಾತ್ರಿ ಗುಡ್ಡದಿಂದ ಬಂದ ಸದ್ದು ಕೇಳಿದವರು ಯಾರೂ ಅಂಥ ವಾಕ್ಯ ಬರೆಯಲಾರರು. ನಲವತ್ತು ವರ್ಷ ನಮ್ಮ ಊರನ್ನು ಬೆಚ್ಚಗಿಟ್ಟ ಕಾಡು ಅದು. ಇನ್ನು ಆ ಮಾತು ಬಿಡು.

ಕಲ್ಲಿನ ವಿಷಯ ಬರೆಯಬೇಡ ಎಂದಿದ್ದೀಯ. ಬರೆಯದಿದ್ದರೆ ನನಗೆ ಉಸಿರು ಕಟ್ಟುತ್ತದೆ.

ವಿಶ್ವವಿದ್ಯಾಲಯದಿಂದ ಇರ್ಮ್‌ಗಾರ್ಡ್ ಫೆಲ್ಟೆನ್ ಎಂಬ ಹೆಂಗಸು ಬಂದಿದ್ದಾಳೆ. ನೆಲ ಅಗೆದು ಹಳೆಯ ಊರುಗಳನ್ನು ಓದುವವಳು. ಸಿಗರೇಟು ಸೇದುತ್ತಾಳೆ, ಜಾಸ್ತಿ ಮಾತಾಡುವುದಿಲ್ಲ, ನಿನಗೆ ಹಿಡಿಸುತ್ತಿದ್ದಳು. ಗಾಳಿ ಅರ್ಧ ಕೆಲಸ ಮಾಡಿಕೊಟ್ಟಿತ್ತು, ಉಳಿದದ್ದನ್ನು ಅವಳು ಸಣ್ಣ ಕರಣೆಯಲ್ಲಿ ಕೆರೆದು ತೆಗೆಯುತ್ತಿದ್ದಾಳೆ. ಅಲ್ಲಿರುವುದು ಒಂದು ಮನೆಯಲ್ಲ ಅಪ್ಪ, ಒಂದು ಊರು. ನಡುವೆ ಕಲ್ಲು ಹಾಸಿದ ಬೀದಿ, ಎರಡೂ ಕಡೆ ಮನೆಗಳು, ಮೇಲ್ತುದಿಯಲ್ಲಿ ಚಿಕ್ಕ ಚರ್ಚಿನ ಅಡಿಪಾಯ. ಬೀದಿಯಲ್ಲಿ ಗಾಡಿಯ ಚಕ್ರ ಸವೆಸಿದ ಗಾಡಿಜಾಡು ಇದೆ. ಬೆರಳಿಟ್ಟು ನೋಡಿದೆ, ಬೆರಳು ಮುಳುಗುತ್ತದೆ. ಅಷ್ಟು ಸವೆಯಬೇಕಾದರೆ ಎಷ್ಟು ತಲೆಮಾರು ಆ ದಾರಿಯಲ್ಲಿ ಹುಲ್ಲು ಹೇರಿಕೊಂಡು ಮನೆಗೆ ಬಂದಿರಬೇಕು.

ಕಲ್ಲುಗಳ ಮೇಲೆ ಕರಿಯ ಪದರವಿದೆ, ಅಂಗೈ ದಪ್ಪ. ಊರು ಸುಟ್ಟಿದೆ. ಮುನ್ನೂರೈವತ್ತು ವರ್ಷದ ಹಿಂದೆ, ಮೂವತ್ತು ವರ್ಷ ನಡೆದ ಆ ಹಾಳು ಯುದ್ಧದ ನಡುವೆ, ಯಾವುದೋ ಸೈನ್ಯ ಹಾದುಹೋಗಿದೆ ಎನ್ನುತ್ತಾಳೆ ಫೆಲ್ಟೆನ್. ಯಾರ ಸೈನ್ಯವೆಂದು ಬೂದಿ ಹೇಳುವುದಿಲ್ಲವಂತೆ. ಒಂದು ಮನೆಯಲ್ಲಿ ಒಲೆಯ ಮೇಲೆ ಮಡಕೆ ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಒಳಗೆ ಕರಿಕಾದ ಬಟಾಣಿ. ಅವಳು ಒಂದು ಕಾಳನ್ನು ನನ್ನ ಅಂಗೈಗೆ ಹಾಕಿದಳು. ಇನ್ನು ಸ್ವಲ್ಪ ಹೊತ್ತಿಗೆ ಉಣ್ಣಬೇಕಾಗಿದ್ದ ಯಾರದೋ ಊಟ. ನಾನು ಕೈ ಮುಚ್ಚಲೂ ಇಲ್ಲ, ಕೊಡವಲೂ ಇಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದೆ.

ಊರಿನವರೆಲ್ಲ ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ನೋಡಲು ಗುಡ್ಡ ಹತ್ತಿದರು. ನಮ್ಮ ಪೂರ್ವಿಕರು, ನಮ್ಮ ಪೂರ್ವಿಕರು ಎಂದು ಹೆಮ್ಮೆಯೋ ಹೆಮ್ಮೆ. ಫೆಲ್ಟೆನ್ ಸಿಗರೇಟು ಆರಿಸಿ, ಕ್ಷಮಿಸಿ, ಇವರು ನಿಮ್ಮ ಪೂರ್ವಿಕರಲ್ಲ ಎಂದಳು. ಈ ಊರಿನವರು ಯಾರೂ ಹಿಂದಿರುಗಿದ ಗುರುತಿಲ್ಲವಂತೆ. ಕೆಳಗಿನ ನಮ್ಮ ಐಬೆನ್‌ರೋಡ್ ಕಟ್ಟಿದವರು ಒಂದು ತಲೆಮಾರು ಕಳೆದ ಮೇಲೆ ಗಾಜಿನ ಭಟ್ಟಿ ಹೂಡಲು ಎಲ್ಲೆಲ್ಲಿಂದಲೋ ಬಂದ ಅಲೆಮಾರಿಗಳು. ಖಾಲಿ ಕಾಡು ಸಿಕ್ಕಿತು, ನಿಂತರು. ಎಲ್ಲರ ಮುಖ ಒಂದು ಥರ ಆಯಿತು. ಅಮ್ಮನನ್ನು ಸಾಯುವ ತನಕ ‘ವಲಸೆಯವಳು’ ಎಂದು ಕರೆದ ಮುಖಗಳು ಅವು. ನೀನಿರಬೇಕಾಗಿತ್ತು.

ಈಗ ತೊಡಕು ಏನೆಂದರೆ, ನಮ್ಮ ಊರ ಮುಖ್ಯಸ್ಥ ವೆಂಡೆಲಿನ್‌ಗೆ ಮರ ಕೊಯ್ಯುವ ಮಿಲ್ಲು ಮುಂದೆ ನಿಂತುಹೋದೀತೆಂಬ ಯೋಚನೆ. ಶರತ್ಕಾಲಕ್ಕೆ ಯಂತ್ರ ತರಿಸಿ ಗುಡ್ಡವಿಡೀ ಆಳವಾಗಿ ಉಳುಮೆ ಮಾಡಿಸಿ ಮತ್ತೆ ಸ್ಪ್ರೂಸ್ ನೆಡಿಸಬೇಕೆಂದು ಪಟ್ಟು ಹಿಡಿದಿದ್ದಾನೆ. ಕಾಡು ಊರಿನದು, ಮಾತೂ ಊರಿನದೇ. ನಾನು ಒಬ್ಬಳು ಬೇಡವೆಂದರೆ ನಿಲ್ಲುವುದಿಲ್ಲ. ನಿನ್ನೆ ದಾರಿಯಲ್ಲಿ ಸಿಕ್ಕಿ, “ಸತ್ತೋರ ಒಲೆ ಕಾಯ್ತಾ ಕೂತ್ರೆ ಬದುಕಿರೋರ ಒಲೆ ಆರಿಹೋಗುತ್ತೆ ಕಣೇ” ಎಂದ. ಅವನದು ಸುಳ್ಳು ಎಂದು ಹೇಳಲಾರೆ.

ಒಂದು ಪ್ರಶ್ನೆ. ನಿನ್ನ ಸಾಲುಗಳು ದಾರ ಹಿಡಿದು ಎಳೆದ ಹಾಗೆ ನೇರ, ಮಲಗಿದ ಮೇಲೂ ಗೊತ್ತಾಗುತ್ತದೆ. ಆದರೆ ಬೀದಿಯ ಕೊನೆಯಲ್ಲಿ ಒಂದು ಕಡೆ ಮಾತ್ರ ಮೂರು ಸಾಲು ಬಾಗಿ, ಒಂದು ತುಂಡು ನೆಲವನ್ನು ಸುತ್ತಿಕೊಂಡು ಹೋಗಿವೆ. ಆ ತುಂಡಿನಲ್ಲಿ ಒಂದು ಮರವೂ ಇರಲಿಲ್ಲ. ಏಕೆ?

ಇತಿ ನಿನ್ನ
ರೋಸ್ವಿತಾ


ದ್ವೀಪದಿಂದ
೧೦ ಜೂನ್ ೧೯೯೦

ಪ್ರೀತಿಯ ರೋಸಿ,

ಆ ಬಾಗು ನನ್ನದಲ್ಲ. ನಿನ್ನ ಅಮ್ಮನದು.

ನಲವತ್ತೆಂಟನೆಯ ಇಸವಿಯ ವಸಂತ. ಯುದ್ಧ ಮುಗಿದ ಮೇಲಿನ ಎರಡು ಚಳಿಗಾಲದಲ್ಲಿ ಗಂಟೆಗುಡ್ಡದ ಹಳೆಯ ಬೀಚ್ ಮರಗಳ ಕಾಡು ಪೂರ್ತಿ ಸೌದೆಯಾಗಿ ಪಟ್ಟಣಗಳಿಗೆ ಹೋಗಿತ್ತು. ಗುಡ್ಡ ಬೋಳು. ನಾನು ಸೆರೆಶಿಬಿರದಿಂದ ಬಂದು ಕಿರಿಯ ಫಾರೆಸ್ಟರ್ ಆಗಿದ್ದೆ, ಮೂಳೆ ಎಣಿಸುವ ಹಾಗಿದ್ದೆ. ಗಂಡಸರಿರಲಿಲ್ಲ, ನೆಟ್ಟವರೆಲ್ಲ ಹೆಂಗಸರು. ಗುದ್ದಲಿಯಿಂದ ಒಂದು ಏಟು, ಸಸಿ, ಹಿಮ್ಮಡಿಯಿಂದ ಒತ್ತು, ಮುಂದಕ್ಕೆ ಒಂದು ಹೆಜ್ಜೆ. ಸಂಜೆಗೆ ಒಂದು ಬಟ್ಟಲು ಸೂಪು. ಬೇಗ ಬೆಳೆಯುವ ಮರ ಬೇಕಾಗಿತ್ತು, ಸ್ಪ್ರೂಸ್ ನೆಟ್ಟೆವು. ಹಸಿದವರು ಹಾಕಿದ ಕಾಡು ಅದು.

ಯುದ್ಧ ಮುಗಿದ ಮೇಲೆ, ಜರ್ಮನ್ ಮಾತಾಡುವವರೆಂದು, ಗಡಿಯಾಚೆಯ ಬೊಹೀಮಿಯಾದ ಕಾಡಿನಿಂದ ಹೊರದೂಡಿಸಿಕೊಂಡು ಬಂದ ಹುಡುಗಿ ಥೆಕ್ಲಾ ಸಾಲಿನ ಕೊನೆಯಲ್ಲಿ ಇರುತ್ತಿದ್ದಳು. ವಲಸೆಯವರಿಗೆ ಯಾವಾಗಲೂ ಕೊನೆ, ಕಲ್ಲು ಜಾಸ್ತಿ ಇರುವ ಕಡೆ. ಒಂದು ದಿನ ಸಾಲು ನಿಂತಿತು. ನೋಡಿದರೆ ಅವಳು ಮಂಡಿಯೂರಿ ಕೂತು ಬರಿಗೈಯಿಂದ ಮಣ್ಣು ಸರಿಸುತ್ತಿದ್ದಾಳೆ. ಒಂದು ಚಪ್ಪಟೆ ಕಲ್ಲು, ನಡುವೆ ಬಟ್ಟಲಿನ ಹಾಗೆ ಸವೆದಿತ್ತು.

ಪಕ್ಕದ ಸಾಲಿನಲ್ಲಿದ್ದ ಕುನಿಗುಂಡೆ, ಕಲ್ಲು ಕಂಡರೆ ಅರ್ಧ ಗೇಣು ಆಚೆ ನೆಡು, ಕತ್ತಲಾಗುತ್ತೆ ಎಂದು ಗದರಿದಳು.

“ಇದು ಹೊಸ್ತಿಲು” ಎಂದಳು ನಿನ್ನ ಅಮ್ಮ. “ಯಾರದೋ ಮನೆ ಹೊಸ್ತಿಲು. ಇದರ ಮೇಲೆ ನಾನು ಮರ ನೆಡಲ್ಲ. ಸೂಪು ಕೊಡದಿದ್ರೂ ಪರವಾಗಿಲ್ಲ.”

ಎಲ್ಲರೂ ನನ್ನ ಮುಖ ನೋಡಿದರು. ನಾನು ದಾರದ ಗೂಟ ಕಿತ್ತು ಸುತ್ತು ಹಾಕಿ ಆಚೆ ನೆಟ್ಟೆ. ಅವಳು ಮಣ್ಣನ್ನು ಮತ್ತೆ ಕಲ್ಲಿನ ಮೇಲೆ ಎಳೆದು ಮುಚ್ಚಿದಳು, ಮಗುವಿಗೆ ಹೊದಿಸುವ ಹಾಗೆ. ಆಮೇಲೆ ಗುದ್ದಲಿ ತೆಗೆದುಕೊಂಡು ಮುಂದಿನ ಸಸಿಗೆ ಹೋದಳು. ಮುಂದಿನ ವರ್ಷ ನಮ್ಮ ಮದುವೆ.

ಅವಳು ತನ್ನ ಊರಿನ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುತ್ತಿರಲಿಲ್ಲ. ಬಿರ್ಕೆನ್‌ಶ್ಲಾಗ್ ಎಂದು ಮದುವೆಯ ಕಾಗದದಲ್ಲಿ ಬರೆಯುವಾಗ ಒಮ್ಮೆ ಕೇಳಿದ್ದು. ನಾನೂ ಕೇಳುತ್ತಿರಲಿಲ್ಲ. ನೀನು ಇನ್ನೂ ಚಿಕ್ಕವಳಿದ್ದಾಗ, ಅವರ ಕಡೆಯ ಒಬ್ಬ ಸಂತೆಯಲ್ಲಿ ಸಿಕ್ಕಿ ಹೇಳಿದ: ಗಡಿಗೆ ಹತ್ತಿರವೆಂದು ಅಲ್ಲಿನ ಸೈನ್ಯ ಬಿರ್ಕೆನ್‌ಶ್ಲಾಗನ್ನು ಮದ್ದಿಟ್ಟು ಉರುಳಿಸಿದೆ, ಚರ್ಚೂ ಸೇರಿ. ಮನೆಗೆ ಬಂದು ಹೇಳಿದೆ. ಅವಳು ಆಲೂಗೆಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಸುಲಿಯುತ್ತಲೇ ಹೋದಳು. ಆ ವಾರವೆಲ್ಲ ನಾವು ಆಲೂಗೆಡ್ಡೆಯನ್ನೇ ತಿಂದೆವು, ನಿನಗೆ ನೆನಪಿರಲಾರದು.

ನೀನು ಕೇಳಿದ್ದು ಇಷ್ಟನ್ನೇ. ನಾನು ಜಾಸ್ತಿ ಬರೆದೆ.

ಅಪ್ಪ


ಐಬೆನ್‌ರೋಡ್
೨೨ ಜುಲೈ ೧೯೯೦

ಪ್ರೀತಿಯ ಅಪ್ಪ,

ನಿನ್ನ ಪತ್ರ ಓದಿ ಒಬ್ಬಳೇ ಗುಡ್ಡ ಹತ್ತಿದೆ. ಬಾಗಿದ ಸಾಲಿನ ನಡುವೆ ಕೂತು ಕೈಯಿಂದಲೇ ಮಣ್ಣು ಸರಿಸಿದೆ. ಕಲ್ಲು ಇದೆ. ಸವೆದ ಜಾಗದಲ್ಲಿ ಹಿಂದಿನ ದಿನದ ಮಳೆ ನೀರಿನ ಹಾಗೆ ತಣ್ಣಗಿದೆ. ಫೆಲ್ಟೆನ್‌ಗೆ ತೋರಿಸಲಿಲ್ಲ. ಮತ್ತೆ ಮುಚ್ಚಿದೆ.

ಅದಾದ ಮೇಲೆ ನಡೆದದ್ದನ್ನು ಹೇಗೆ ಬರೆಯಲಿ. ನೀನು ನನ್ನನ್ನು ಕಾಡಿನಲ್ಲಿ ಸಾಕಿದವನು. ನಾನು ಸುಲಭಕ್ಕೆ ಬೆರಗಾಗುವವಳಲ್ಲ ಎಂಬುದು ನಿನಗೆ ಗೊತ್ತು.

ಜೂನ್ ಕೊನೆಗೆ ಬಿಸಿಲು ಹಿಡಿಯಿತು. ಗುಡ್ಡದ ಬೇರೆ ಕಡೆಯೆಲ್ಲ, ಕಾಡು ಬಿದ್ದ ನೆಲದಲ್ಲಿ ಬರಬೇಕಾದದ್ದೇ ಬಂತು: ಮುಳ್ಳುಪೊದೆ, ರಾಸ್‌ಬೆರಿ, ಉದ್ದನೆಯ ಕೆಂಪು ಹೂ. ಹಾಳೂರಿನಲ್ಲಿ ಮಾತ್ರ ಬೇರೆಯೇ ಎಲೆಗಳು ಹೊರಟವು. ನಾನು ಈ ಕಾಡಿನಲ್ಲಿ ಯಾವತ್ತೂ ನೋಡದ ಎಲೆಗಳು. ಹದಿನೈದು ದಿನದಲ್ಲಿ ಎದೆಯೆತ್ತರ ಬೆಳೆದು ಹೂ ಬಿಟ್ಟವು. ಮೊದಲು ಹಳದಿ ಹೂವಿನ ದೊಡ್ಡ ಮೇಣದಬತ್ತಿಗಳು, ಹಿಂದಿನವರು ಕೆಮ್ಮಿಗೆ ಕಷಾಯ ಮಾಡುತ್ತಿದ್ದ ಗಿಡ. ಬಟ್ಟೆಗೆ ಬಣ್ಣ ಕಟ್ಟಲು ಬೆಳೆಯುತ್ತಿದ್ದ ಸೊಪ್ಪು. ಹಲ್ಲುನೋವಿಗೆ ಹೊಗೆ ಹಿಡಿಯುತ್ತಿದ್ದ, ಮಕ್ಕಳು ಮುಟ್ಟಬಾರದ ಆ ವಿಷದ ಗಿಡವೂ ಬಂತು. ಕೊನೆಗೆ ಗಸಗಸೆ. ಕೆನ್ನೀಲಿ ಗಸಗಸೆ ಹೂ, ತೆಳ್ಳಗೆ, ಬೆಳಿಗ್ಗೆ ಬಿಚ್ಚಿ ಸಂಜೆಗೆ ಉದುರುವ ಹೂ.

ಎಲ್ಲೆಂದರಲ್ಲಿ ಅಲ್ಲ ಅಪ್ಪ. ಬೀದಿಯಲ್ಲಿ ಒಂದೂ ಇಲ್ಲ. ಮನೆಗಳ ಒಳಗೆ ಇಲ್ಲ. ಪ್ರತಿ ಮನೆಯ ಹಿಂದೆ, ಹಿತ್ತಿಲು ಇರಬೇಕಾದ ಕಡೆ ಮಾತ್ರ. ಒಂದು ಮನೆಯ ಹಿಂದೆ ಪೂರಾ ಗಸಗಸೆ, ಅದರ ಪಕ್ಕದ ಮನೆಗೆ ಒಂದೂ ಇಲ್ಲ, ಬರೀ ಬಣ್ಣದ ಸೊಪ್ಪು. ಆ ಮನೆಯವಳು ಬಟ್ಟೆ ನೇಯುವವಳಿರಬೇಕು. ಈ ಮನೆಯವಳಿಗೆ ಹಬ್ಬದ ರೊಟ್ಟಿಗೆ ಗಸಗಸೆ ಇಲ್ಲದೆ ಆಗುತ್ತಿರಲಿಲ್ಲವೇನೋ. ಇವರ ಹೆಸರು ಯಾರಿಗೂ ಗೊತ್ತಿಲ್ಲ. ಯಾರು ಏನು ಬೆಳೆಯುತ್ತಿದ್ದರೆಂದು ಮಾತ್ರ ಈಗ ನನಗೆ ಗೊತ್ತು.

ಫೆಲ್ಟೆನ್ ಒಬ್ಬ ಸಸ್ಯಶಾಸ್ತ್ರಿಯನ್ನು ಕರೆಸಿದಳು. ಬೀಜ ಆಳದ ಮಣ್ಣಿನಲ್ಲಿ, ಕತ್ತಲೆಯಲ್ಲಿ, ನೂರಾರು ವರ್ಷ ನಿದ್ದೆ ಹೋಗಬಹುದು. ಬೇರು ಕಿತ್ತಾಗ ಮೇಲೆ ಬಂದು ಬಿಸಿಲು ಕಂಡಿರಬಹುದು ಎಂದ. ಆಣೆ ಮಾಡಿ ಹೇಳಲಾರೆ ಎಂದೂ ಸೇರಿಸಿದ. ಅವನೇ ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದ.

ಕುನಿ ಅಜ್ಜಿ ಮೇಲೆ ಹತ್ತಬೇಕು ಎಂದು ಹಟ ಹಿಡಿದಳು. ಮೊಣಕಾಲು ಸರಿಯಿಲ್ಲ, ಕುದುರೆಯವನ ಗಾಡಿಯಲ್ಲಿ ಕೂರಿಸಿ ಕರೆತಂದೆ. (ಹಾಳೂರಿನ ಮೇಲೆ ಬಿದ್ದ ಮರಗಳನ್ನು ಯಂತ್ರದ ಬದಲು ಕುದುರೆ ಕಟ್ಟಿ ಎಳೆಸುತ್ತಿದ್ದೇನೆ, ವೆಂಡೆಲಿನ್ ಅದಕ್ಕೂ ಗೊಣಗುತ್ತಾನೆ.) ಅಜ್ಜಿ ಹಿತ್ತಿಲಿನಿಂದ ಹಿತ್ತಿಲಿಗೆ ಕೋಲೂರಿಕೊಂಡು ನಡೆದಳು. ಒಂದು ಹೂವನ್ನೂ ಮುಟ್ಟಲಿಲ್ಲ. ಗಾಳಿಯಿರಲಿಲ್ಲ. ಜೇನುಹುಳುಗಳ ಸದ್ದೊಂದೇ. ಚರ್ಚಿನೊಳಗೆ ನಡೆಯುವ ಹಾಗೆ ಇಬ್ಬರೂ ಮೆಲ್ಲಗೆ ಹೆಜ್ಜೆಯಿಡುತ್ತಿದ್ದೆವು.

“ಕಳೆ ಕೀಳೋರು ಇಲ್ಲದಂಗಾಯ್ತಲ್ಲ, ಪಾಪ” ಎಂದಳು ಕೊನೆಗೆ. ಅಷ್ಟು ವರ್ಷ ತಡವಾಗಿ.

ಬಂದು ನೋಡು ಎಂದು ಬರೆಯಬೇಕೆಂದುಕೊಂಡೆ. ಬರೆಯುವುದಿಲ್ಲ. ಒಂದು ಹೂವಿನ ದಳ ಇಟ್ಟಿದ್ದೇನೆ. ನಿನ್ನನ್ನು ತಲುಪುವ ಹೊತ್ತಿಗೆ ಬಣ್ಣ ಹೋಗಿರುತ್ತದೆ.

ಇತಿ
ರೋಸಿ


ಐಬೆನ್‌ರೋಡ್
೧೬ ಸೆಪ್ಟೆಂಬರ್ ೧೯೯೦

ಅಪ್ಪ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಫೋನು ಮಾಡಿದರೆ ಝೀಟಾ ಅತ್ತೆ, “ಚೀಲ ಬೆನ್ನಿಗೆ ಹಾಕ್ಕೊಂಡು ಹೋದ, ಎಲ್ಲಿಗೆ ಅಂತ ಬಾಯಿ ಬಿಡಲಿಲ್ಲ, ನಿಮ್ಮಪ್ಪನ ಬುದ್ಧಿ ನಿನಗೆ ಗೊತ್ತಿಲ್ವಾ” ಎನ್ನುತ್ತಾಳೆ. ಕಾಲಿಗೆ ಗಟ್ಟಿ ಬೂಟಿದೆ, ಅದೊಂದು ಸಮಾಧಾನ. ವಿಳಾಸ ಕಳಿಸಿದರೆ ಈ ಪತ್ರವನ್ನು ಅಲ್ಲಿಗೆ ದಾಟಿಸುವಳಂತೆ. ಆ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ಶುಕ್ರವಾರ ಹೋಟೆಲಿನ ದೊಡ್ಡ ಕೋಣೆಯಲ್ಲಿ ಊರಿನ ಸಭೆ ನಡೆಯಿತು. ವೆಂಡೆಲಿನ್ ನ್ಯಾಯವಾಗಿಯೇ ಮಾತಾಡಿದ. ಗಾಳಿ ನಮ್ಮ ಮಕ್ಕಳ ಕಾಡನ್ನು ತಿಂದಿದೆ, ಬೇಗ ನೆಟ್ಟರೆ ಮೊಮ್ಮಕ್ಕಳಿಗಾದರೂ ಮರವಿರುತ್ತದೆ, ಯಂತ್ರ ಗೊತ್ತುಮಾಡಿದ್ದೇನೆ, ಹೂ ಒಂದು ವರ್ಷ ಬಂತು, ಮುಂದಿನ ವರ್ಷ ಬರುತ್ತದೆಂದು ಯಾರು ಕಂಡವರು ಎಂದ. ಹಲವರು ತಲೆಯಾಡಿಸಿದರು. ನಾನು ಇಳಿಜಾರಿಗೆ ಬೀಚ್, ಓಕ್ ಹಾಕೋಣ, ಹಾಳೂರನ್ನು ಉಳುವುದು ಬೇಡ ಎಂದೆ. ನನ್ನ ಮಾತು ಪುಸ್ತಕದ ಮಾತಿನ ಹಾಗೆ ನನಗೇ ಕೇಳಿಸಿತು. ನಿನ್ನ ಜೂನ್ ತಿಂಗಳ ಪತ್ರ ಜೇಬಿನಲ್ಲಿತ್ತು. ನಿನ್ನನ್ನು ಕೇಳದೆ ತೆಗೆದು ಓದಲು ಮನಸ್ಸು ಬರಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ, ಅವರು ನಮ್ಮವರೇ ಅಲ್ಲವಂತಲ್ಲ, ಆ ವಿದ್ಯಾವಂತೆಯೇ ಹೇಳಿದಳಲ್ಲ, ಮತ್ತೇನು ಎಂದರು. ಕೋಣೆಯಲ್ಲಿ ನಗು ಎದ್ದಿತು. ಆಗ ಕುನಿ ಅಜ್ಜಿ ಎದ್ದಳು. ಏಳುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅವಳು ಪೂರ್ತಿ ನಿಲ್ಲುವಷ್ಟರಲ್ಲಿ ಕೋಣೆ ತಾನಾಗಿ ಸುಮ್ಮನಾಗಿತ್ತು.

ಮೊದಲು ಅಮ್ಮನ ಹೊಸ್ತಿಲಿನ ಕಥೆ ಹೇಳಿದಳು. ನೀನು ಬರೆದ ಹಾಗೆಯೇ. ಆದರೆ ತಾನು ಗದರಿದ್ದನ್ನು ನೀನು ಬರೆದದ್ದಕ್ಕಿಂತ ಕೆಟ್ಟದಾಗಿ ಹೇಳಿದಳು. ಆಮೇಲೆ ಹಿಂದಿನ ಬೆಂಚಿನ ಕಡೆ ತಿರುಗಿದಳು.

“ನಮ್ಮೋರಲ್ಲ, ಸರಿ. ನಮ್ಮ ಸತ್ತೋರ ಗೋರಿಗೆ ದೀಪ ಹಚ್ಚೋಕೆ ನಾವಿದೀವಿ. ಇವರಿಗೆ ಯಾರಿದಾರೆ? ಆವತ್ತು ಬಂದಿನ್ನೂ ಎರಡು ವರ್ಷ ಆಗದ ಹುಡುಗಿಗೆ ಅದು ತಿಳೀತು. ಮುನ್ನೂರು ವರ್ಷದಿಂದ ಇಲ್ಲೇ ಬಿದ್ದಿರೋ ನಮಗೆ ತಿಳಿಯಲಿಲ್ಲ. ಆ ನೆಲಕ್ಕೆ ನೇಗಿಲು ಹಾಕೋದಾದ್ರೆ ನನ್ನನ್ನ ಮೊದಲು ಹೂಳಿ, ಆಮೇಲೆ ಹಾಕಿ.”

ಕೂತಳು. ಉಳುವುದು ಬೇಡ ಎನ್ನುವವರ ಕೈ ಎತ್ತಿಸಿದಾಗ ಒಂದೊಂದಾಗಿ ಎದ್ದವು, ಮುಂದಿನ ಬೆಂಚಿನಿಂದ ಹಿಂದಕ್ಕೆ. ವೆಂಡೆಲಿನ್ ಕೊನೆಯವನು. ಅವನೂ ಎತ್ತಿದ. “ಮರವಿಲ್ಲದ ಕಾಡಿಗೆ ಒಬ್ಬಳು ಫಾರೆಸ್ಟರ್. ಇಡೀ ದೇಶದಲ್ಲಿ ನಮ್ಮೂರೊಂದೇ ಇರಬೇಕು” ಎಂದು ಗೊಣಗಿ, ಅಜ್ಜಿಗೆ ಬಿಯರ್ ತರಿಸಿದ.

ಹಾಗಾಗಿ ಹಾಳೂರು ಉಳಿಯಿತು. ಹೂಗಳೆಲ್ಲ ಬೀಜವಾಗಿವೆ. ಬಾಗಿದ ಗಿಡದ ಕಾಯಿಗಳು ಅಲ್ಲಾಡಿದಾಗ ಗಲಗಲ ಎನ್ನುತ್ತವೆ. ನಾನು ಒಂದನ್ನೂ ಕೊಯ್ಯಲಿಲ್ಲ. ನೆಲದ್ದು ನೆಲಕ್ಕೆ.

ಎಲ್ಲಿದ್ದೀಯ?

ರೋಸಿ


ಬೊಹೀಮಿಯಾ, ಗಡಿಯಾಚೆಯ ಒಂದು ಊಟದ ಮನೆಯಿಂದ
೭ ಅಕ್ಟೋಬರ್ ೧೯೯೦

ಪ್ರೀತಿಯ ರೋಸಿ,

ನಿನ್ನ ಎರಡೂ ಪತ್ರ ನನ್ನ ಬಳಿ ಇವೆ; ಎರಡನೆಯದನ್ನು ಝೀಟಾ ದಾರಿಯಲ್ಲಿ ನಾನಿದ್ದ ಕಡೆಗೆ ದಾಟಿಸಿದಳು. ಹೂವಿನ ದಳಕ್ಕೆ ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ನೋಡಿದ ದಿನವೇ ಚೀಲ ಕಟ್ಟಿದೆ. ದಾರಿಯಲ್ಲಿ ಬಹಳ ಕಡೆ ನಿಂತೆ. ಕಾಲಿಗೆ ವಯಸ್ಸಾಗಿದೆ, ಮನಸ್ಸಿಗೆ ಹೆದರಿಕೆಯೂ ಇತ್ತು. ಈಗ ಗಡಿಯಲ್ಲಿ ಕೇಳುವ ಕಾಗದವನ್ನೂ ನಿಲ್ಲಿಸಿದ್ದಾರೆ. ಬೇಲಿ ಇದ್ದ ಕಡೆ ಸುತ್ತಿಟ್ಟ ತಂತಿಯ ಉರುಳೆಗಳು. ಒಂದರ ಮೇಲೆ ಕೂತು ರೊಟ್ಟಿ ತಿಂದೆ.

ಬಿರ್ಕೆನ್‌ಶ್ಲಾಗ್ ಎಂದರೆ ಇಲ್ಲಿನ ಹುಡುಗರಿಗೆ ಗೊತ್ತಿಲ್ಲ. ಊಟದ ಮನೆಯ ಒಡತಿ ಯೋಚಿಸಿ, ಪಕ್ಕದ ಬೀದಿಯಿಂದ ಲುದ್ಮಿಲಾ ಎಂಬವಳನ್ನು ಕರೆಸಿದಳು. ನಿನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಜರ್ಮನ್ ಸಾಕಷ್ಟು ಬರುತ್ತದೆ. ನಿಮ್ಮವರನ್ನು ಕಳಿಸಿದ ಮೇಲೆ ಆ ಖಾಲಿ ಮನೆಗಳಿಗೆ ನಮ್ಮನ್ನು ದೂರದಿಂದ ತಂದು ಹಾಕಿದರು, ನನಗಾಗ ಏಳು ವರ್ಷ ಎಂದಳು. ಹನ್ನೆರಡಾಗುವಷ್ಟರಲ್ಲಿ ಸೈನ್ಯ ಬಂದು ಅವರನ್ನೂ ಎಬ್ಬಿಸಿತಂತೆ. ಊರು ಉರುಳಿದ್ದು ಅದಾದ ಮೇಲೆ.

ಇವತ್ತು ಬೆಳಿಗ್ಗೆ ಅವಳು ನನ್ನನ್ನು ಕರೆದುಕೊಂಡು ಹೋದಳು. ರೋಸಿ, ಅಲ್ಲಿ ಏನೂ ಇಲ್ಲ. ಬರ್ಚ್ ಮರಗಳಿವೆ. ಬಿಳಿ ಕಾಂಡ, ಮೇಲೆ ಹಳದಿ ಎಲೆ, ಕೆಳಗೂ ಹಳದಿ ಎಲೆ. ಯಾರೂ ನೆಡಲಿಲ್ಲ, ಯಾರೂ ದಾರ ಹಿಡಿಯಲಿಲ್ಲ. ಗಾಳಿ ಬೀಜ ತಂದು ಹಾಕಿದ ಕಾಡು. ನಲವತ್ತು ವರ್ಷ ಕಾಡಿನ ಕೆಲಸ ಮಾಡಿದವನು ನಾನು, ಅದರೊಳಗೆ ಹೋಗುವಾಗ ನನಗೆ ಅರಿವಿಲ್ಲದೆ ಟೋಪಿ ತೆಗೆದಿದ್ದೆ. ಅಲ್ಲಲ್ಲಿ ಬರ್ಚುಗಳ ನಡುವೆ ಸೇಬಿನ ಮರಗಳು, ಬೆಳಕಿಗಾಗಿ ಕತ್ತು ಚಾಚಿ ಮನೆಯೆತ್ತರ ಹೋಗಿವೆ, ತುದಿಯಲ್ಲಿ ನಾಲ್ಕಾರು ಹಣ್ಣು. ನಿನ್ನ ಹಿತ್ತಿಲುಗಳು ನೆನಪಾದವು.

ನಾನು ಯಾರಿಗಾಗಿ ಬಂದಿದ್ದೇನೆಂದು ಲುದ್ಮಿಲಾಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಕೇಳಿದಳು. ಹೆಂಡತಿಯ ಊರು, ಥೆಕ್ಲಾ ಎಂದು ಹೆಸರು ಎಂದೆ.

ಅವಳು ನಡೆಯುವುದನ್ನು ನಿಲ್ಲಿಸಿದಳು.

“ಫ್ಲೋರಿಯನ್, ಥೆಕ್ಲಾ, ಅನ್ನಾ” ಎಂದಳು. ಪಾಠ ಒಪ್ಪಿಸುವ ಮಗುವಿನ ಹಾಗೆ.

ಅವರಿಗೆ ಕೊಟ್ಟ ಮನೆಯಲ್ಲಿ ಅಡುಗೆಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಗೆರೆಗಳಿದ್ದವಂತೆ, ವರ್ಷಕ್ಕೊಂದು, ಮಕ್ಕಳ ಎತ್ತರದ್ದು, ಪಕ್ಕದಲ್ಲಿ ಹೆಸರು. ಅವಳ ಅಮ್ಮ ಗೋಡೆಗೆಲ್ಲ ಸುಣ್ಣ ಬಳಿದವಳು ಆ ಚೌಕಟ್ಟಿಗೆ ಕೈಯಿಡಲಿಲ್ಲವಂತೆ. ಫ್ಲೋರಿಯನ್ ನಿನ್ನ ಸೋದರಮಾವ, ಯುದ್ಧಕ್ಕೆ ಹೋದವನು ಬರಲಿಲ್ಲ, ಅದು ನನಗೆ ಗೊತ್ತು. ಅನ್ನಾಳಿಗೆ ಒಂದೇ ಗೆರೆಯಂತೆ, ಬಹಳ ಕೆಳಗೆ. ಅನ್ನಾ ಎಂಬ ಹೆಸರನ್ನು ನಿನ್ನ ಅಮ್ಮನ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

“ಆ ಊರಲ್ಲಿ ನನ್ನ ವಯಸ್ಸಿನ ಹುಡುಗಿಯರೇ ಇರಲಿಲ್ಲ” ಎಂದಳು ಲುದ್ಮಿಲಾ. “ಥೆಕ್ಲಾನೇ ನನ್ನ ಗೆಳತಿ. ಅವಳ ಜೊತೆ ಆಡ್ತಿದ್ದೆ, ಜಗಳ ಆಡ್ತಿದ್ದೆ. ನನ್ನ ಹುಟ್ಟಿದ ದಿನ ಅಮ್ಮ ನನ್ನನ್ನೂ ಅಲ್ಲೇ ನಿಲ್ಲಿಸಿ ಗೆರೆ ಎಳೆಯೋಳು. ಎಂಟಕ್ಕೆ ಅವಳು ಮೇಲೆ, ಒಂಬತ್ತಕ್ಕೂ ಅವಳೇ ಮೇಲೆ. ಹತ್ತಕ್ಕೆ ನಾನು ದಾಟಿದೆ. ಗೆದ್ದೆ ಅಂತ ಕುಣಿದೆ. ಆಮೇಲೆ ಅಳು ಬಂತು, ಯಾಕೋ ಗೊತ್ತಿಲ್ಲ. ನಾವು ಅಲ್ಲಿಂದ ಹೊರಟಾಗ ಅಮ್ಮನ್ನ ಕೇಳಿದೆ, ಥೆಕ್ಲಾ ವಾಪಸ್ ಬಂದ್ರೆ ನಾವೆಲ್ಲಿ ಅಂತ ಅವಳಿಗೆ ಯಾರು ಹೇಳ್ತಾರೆ.”

ಅವಳು ಬಹಳ ಹೊತ್ತು ನನ್ನ ಮುಖ ನೋಡಿ, “ಎತ್ತರ ಆದಳಾ ಅವಳು?” ಎಂದು ಕೇಳಿದಳು.

ನನ್ನ ಭುಜದ ತನಕ ಎಂದು ತೋರಿಸಿದೆ. ಲುದ್ಮಿಲಾ ನಕ್ಕಳು. ತನ್ನ ಭುಜವೇ ನನ್ನ ಭುಜದ ಹತ್ತಿರ ಇರುವುದನ್ನು ನೋಡಿಕೊಂಡಳು.

ಆಮೇಲೆ ಅವಳು ಎಲೆಗಳ ಮೇಲೆ ನಾಲ್ಕು ಹೆಜ್ಜೆ ಆಚೆ ಈಚೆ ಹೋಗಿ, ಸೇಬಿನ ಮರವನ್ನೊಮ್ಮೆ, ಬೆಟ್ಟದ ಅಂಚನ್ನೊಮ್ಮೆ ನೋಡಿ, ಜಾಗ ಸರಿಮಾಡಿಕೊಂಡು ನಿಂತಳು. ಅಡುಗೆಕೋಣೆಯ ಬಾಗಿಲು ಇಲ್ಲಿತ್ತು ಎಂದಳು. ಅಂಗೈಯನ್ನು ನೆಲಕ್ಕೆ ಮುಖ ಮಾಡಿ ಗಾಳಿಯಲ್ಲಿ ಹಿಡಿದಳು. ಸ್ವಲ್ಪ ಮೇಲೆತ್ತಿದಳು, ಮತ್ತೆ ಒಂದು ಬೆರಳು ಕೆಳಗಿಳಿಸಿದಳು.

“ಒಂಬತ್ತು ವರ್ಷಕ್ಕೆ ಥೆಕ್ಲಾ ಇಷ್ಟು.”

ಅವಳ ಕೈ ಒಂದಿಷ್ಟೂ ಅಲುಗಲಿಲ್ಲ. ನಾನು ಹತ್ತಿರ ಹೋಗಿ, ಆ ಅಂಗೈಯ ಕೆಳಗಿನ, ಬರ್ಚ್ ಎಲೆಗಳು ಬೀಳುತ್ತಿದ್ದ ಆ ಬರಿಗಾಳಿಯ ಮುಂದೆ, ಮಂಡಿಯೂರಿ ಕುಳಿತೆ. ನನ್ನ ಕಣ್ಣಿಗೆ ಒಂಬತ್ತು ವರ್ಷದ ಥೆಕ್ಲಾಳ ಕಣ್ಣು ಸಮವಾಗಲಿ ಎಂದು.

ಮುಂದಿನ ವಾರ ಮನೆಗೆ ಬರುತ್ತೇನೆ. ಲುದ್ಮಿಲಾಳೂ ಬರುತ್ತಾಳೆ. ಅವಳಿಗೆ ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಸಿಡು.

ನಿನ್ನ
ಅಪ್ಪ